ಒಬ್ಬನೇ ಡ್ರಮ್ಮರ್, ಇಡೀ ಆಲ್ಬಮ್: ವೇಗವೊಂದೇ ಸಾಲದು

ಡ್ರಮ್ಮರ್‌ಗಳು ಒಬ್ಬರೇ ಕೂತು ಮಾಡಿದ ಪ್ರಯೋಗಾತ್ಮಕ ಆಲ್ಬಮ್‌ಗಳಲ್ಲಿ ಬಹಳಷ್ಟು ಎರಡನೇ ಟ್ರ್ಯಾಕಿಗೇ ಬೇಸರ ತರಿಸುತ್ತವೆ. ಕೈ ಓಡುವುದಿಲ್ಲ ಅಂತಲ್ಲ. ಬ್ಯಾಂಡಿನಲ್ಲಿ ನುಡಿಸುವ ಹಾಗೇ ನುಡಿಸಿ, ಉಳಿದವರನ್ನು ಮಾತ್ರ ಎಬ್ಬಿಸಿ ಕಳಿಸಿರುತ್ತಾರೆ. ಬೇಸ್ ಗಿಟಾರೂ ಕೀಬೋರ್ಡೂ ಇಲ್ಲದ ಕಡೆ ಕೇಳುಗನಿಗೆ ಉಳಿಯುವುದು ಪೆಟ್ಟು ಬಿದ್ದ ಮೇಲಿನ ನಾದ. ಅದು ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಸ್ವರದಲ್ಲಿ ಆರುತ್ತದೆ, ಮುಂದಿನ ಪೆಟ್ಟು ಅದನ್ನು ಮುಚ್ಚುತ್ತದೋ ಬಿಡುತ್ತದೋ ಅನ್ನುವುದರ ಮೇಲೇ ಆಲ್ಬಮ್ ನಿಲ್ಲಬೇಕು.

ಅಮೆರಿಕದ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ 1966ರ 'ಡ್ರಮ್ಸ್ ಅನ್‌ಲಿಮಿಟೆಡ್'ನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಅದರಲ್ಲಿರುವ 'ದ ಡ್ರಮ್ ಆಲ್ಸೋ ವಾಲ್ಟ್ಜಸ್' ಕೇಳಿ. ಮೂರರ ನಡಿಗೆ, ಒಂದಕ್ಕೆ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್), ಎರಡು ಮೂರಕ್ಕೆ ಕಾಲಲ್ಲೇ ಹೈ-ಹ್ಯಾಟ್ (ಪೆಡಲ್ ಒತ್ತಿದರೆ ಒಂದಕ್ಕೊಂದು ಬಡಿಯುವ ಜೋಡಿ ಸಿಂಬಲ್ ತಟ್ಟೆ). ಕಾಲು ನೆಲ ಹಾಕಿಕೊಟ್ಟ ಮೇಲೆ ಕೈ ಸುಮ್ಮನಿರಬಹುದು, ಅವರ ಕೈ ನಿಜಕ್ಕೂ ಸುಮ್ಮನಿರುತ್ತದೆ. ಬ್ರಿಟನ್ನಿನ ಡ್ರಮ್ಮರ್, ಗಾಯಕ ರಾಬರ್ಟ್ ವಯಾಟ್ ಹಿಡಿದದ್ದು ಬೇರೆ ದಾರಿ. ಸಾಫ್ಟ್ ಮೆಷಿನ್ ಬ್ಯಾಂಡಿನಲ್ಲಿ ಇದ್ದಾಗಲೇ 1970ರಲ್ಲಿ 'ದಿ ಎಂಡ್ ಆಫ್ ಆನ್ ಇಯರ್' ತಂದರು. ಜೊತೆಗೆ ಬೇರೆ ವಾದಕರಿದ್ದರೂ ಆಲ್ಬಮ್ ಅವರದೇ. ಜಾಝ್ ಸಂಯೋಜಕ ಗಿಲ್ ಇವಾನ್ಸ್ ಅವರ 'ಲಾಸ್ ವೇಗಸ್ ಟ್ಯಾಂಗೋ' ಆರಂಭದಲ್ಲೂ ಕೊನೆಯಲ್ಲೂ ಬರುತ್ತದೆ. ಸಾಹಿತ್ಯವಿಲ್ಲದ ಬರೀ ಕಂಠವನ್ನು ಟೇಪಿನ ವೇಗ ಬದಲಿಸಿ ಪದರ ಪದರವಾಗಿ ಪೇರಿಸಿದ್ದಾರೆ. ಅದನ್ನು ಹುಚ್ಚಾಟ ಅನ್ನುವವರು ಒಳಗಿನ ಲೆಕ್ಕಾಚಾರವನ್ನು ಕೇಳಿಸಿಕೊಂಡಿಲ್ಲ ಅಂತಲೇ ನನ್ನ ಅಭಿಪ್ರಾಯ.

ಇಂಥದ್ದನ್ನು ಮಾಡಹೊರಟವರು ಮೊದಲು ಶ್ರುತಿ ನೋಡಿಕೊಳ್ಳಬೇಕು. ಟಾಮ್ ಅನ್ನುವ ತಂತಿಯಿಲ್ಲದ ಡ್ರಮ್ಮಿನ ಮೇಲಿನ ಹೆಡ್ಡೂ (ಹೊದಿಸಿದ ಪೊರೆ) ಕೆಳಗಿನ ಹೆಡ್ಡೂ ಒಂದೇ ಸ್ವರದಲ್ಲಿದ್ದರೆ ನಾದ ಅತಿ ಉದ್ದ ನಿಲ್ಲುತ್ತದೆ. ಹೆಡ್ಡನ್ನು ಬಿಗಿಸುವ ಎದುರುಬದುರು ಲಗ್‌ಗಳನ್ನು (ತಿರುಪುಗಳನ್ನು) ಕಾಲು ಸುತ್ತಿನಷ್ಟೇ ತಿರುಗಿಸುತ್ತ ಹೋಗಿ, ಪ್ರತಿ ಲಗ್ಗಿನಿಂದ ಮೂರು ಸೆಂಟಿಮೀಟರ್ ಒಳಗೆ ತಟ್ಟಿ ಸ್ವರ ಹೋಲಿಸಿ. ಟಾಮ್ ಹೊಡೆದಾಗ ಸ್ನೇರ್ ಡ್ರಮ್ಮಿನ ಕೆಳಗೆ ಬಿಗಿದ ತಂತಿ ಜುಯ್ ಅನ್ನುವುದು ಬ್ಯಾಂಡಿನ ಗದ್ದಲದಲ್ಲಿ ಗೊತ್ತಾಗುವುದಿಲ್ಲ, ಸೋಲೋದಲ್ಲಿ ಎದ್ದು ಕಾಣುತ್ತದೆ. ಎರಡರ ಸ್ವರ ಹತ್ತಿರ ಇರುವುದೇ ಕಾರಣ. ಟಾಮ್‌ನ ಶ್ರುತಿಯನ್ನು ಸ್ವಲ್ಪ ಸರಿಸಿ, ಸ್ನೇರ್ ಬೇಡದ ಕಡೆ ತಂತಿ ಕಳಚಿಡಿ. ರಿಮ್‌ಶಾಟ್ (ಅಂಚಿಗೂ ಹೆಡ್ಡಿಗೂ ಒಟ್ಟಿಗೆ ಕೊಡುವ ಪೆಟ್ಟು) ಬೀಳುವ ಜಾಗದ ಲಗ್‌ಗಳು ನುಡಿಸುತ್ತಲೇ ಸಡಿಲವಾಗುತ್ತವೆ, ಪ್ರತಿ ಟೇಕಿಗೂ ಮುಂಚೆ ಅವನ್ನು ಪರೀಕ್ಷಿಸಿ.

ಮೈಕ್ ಕಡಿಮೆಯಾದಷ್ಟೂ ಒಳ್ಳೆಯದು. ಡ್ರಮ್‌ಗಳ ಮೇಲೆ ಎತ್ತರದಲ್ಲಿಡುವ ಎರಡು ಓವರ್‌ಹೆಡ್, ಒಂದು ಕಿಕ್ ಮೈಕ್ ಸಾಕು. ಸ್ನೇರಿನ ನಡುವಿನಿಂದ ಎರಡೂ ಓವರ್‌ಹೆಡ್‌ಗೆ ಒಂದೇ ದಾರ ಹಿಡಿದು ಅಳೆಯಿರಿ. ಯಾಕೆಂದರೆ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ದೂರ ಅಷ್ಟು ಹೆಚ್ಚುಕಮ್ಮಿಯಾಗಿ, ಎರಡೂ ಮೈಕನ್ನು ಸಮನಾಗಿ ಬೆರೆಸಿದರೆ 500 ಹರ್ಟ್ಸ್, 1500, 2500 ಹೀಗೆ ಆ ಕಂಪನಗಳ ದನಿ ರದ್ದಾಗಿ ತೂತು ಬೀಳುತ್ತ ಹೋಗುತ್ತದೆ. ಸ್ನೇರಿನ ಮೈ ಕರಗಿ ತಗಡಿನ ಡಬ್ಬಿ ಬಡಿದ ಹಾಗೆ ಕೇಳುತ್ತದೆ, ಆಮೇಲೆ ಯಾವ ಈಕ್ವಲೈಜರೂ ಅದನ್ನು ತುಂಬಿಕೊಡುವುದಿಲ್ಲ.

ಪಿಟೀಲಿನ ಕಮಾನಿನಿಂದ ಸಿಂಬಲ್ ಎಳೆಯುವುದು ಈಗ ಎಲ್ಲರೂ ಮಾಡುವ ಪ್ರಯೋಗ. ತೆಳು ಸಿಂಬಲ್ ಬೇಗ ಮಾತಾಡುತ್ತದೆ. ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳದಿದ್ದರೆ ತೂಗಾಡಿ ಕಮಾನು ಜಾರುತ್ತದೆ. ಈ ದನಿ ತೀರಾ ಮೆಲ್ಲಗಿರುವುದರಿಂದ ಬೇರೆಯಾಗಿಯೇ, ಗೇನ್ (ಮೈಕಿನ ದನಿ ಹಿಗ್ಗಿಸುವ ಮಟ್ಟ) ಏರಿಸಿ ರೆಕಾರ್ಡ್ ಮಾಡಿ. ಆಗ ಸ್ಟೂಲಿನ ಕಿರುಗುಟ್ಟುವಿಕೆ, ಬಟ್ಟೆಯ ಸರಸರ ಎಲ್ಲಾ ಸಿಕ್ಕಿಬೀಳುತ್ತದೆ, ನಿಂತುಕೊಂಡೇ ಎಳೆಯಿರಿ.

ಅಂಟಿದ ವಸ್ತುವಿನ ಕಂಪನವನ್ನೇ ಹಿಡಿಯುವ ಪೀಜೋ ಕಾಂಟ್ಯಾಕ್ಟ್ ಮೈಕನ್ನು ಡ್ರಮ್ಮಿನ ಶೆಲ್ಲಿಗೋ (ಕವಚಕ್ಕೋ) ಸ್ಟ್ಯಾಂಡಿಗೋ ಅಂಟಿಸುವವರು ಬಹಳ ಸಲ "ಬರೀ ಚರಚರ, ಬೇಸೇ ಇಲ್ಲ" ಅಂತ ಕೈಬಿಡುತ್ತಾರೆ. ತಪ್ಪು ಪೀಜೋದ್ದಲ್ಲ. ಅದು ಕೆಪಾಸಿಟರಿನಂತೆ ವರ್ತಿಸುತ್ತದೆ; 20 ನ್ಯಾನೋಫ್ಯಾರಡ್‌ನ ಬಿಲ್ಲೆಯನ್ನು 10 ಕಿಲೋಓಮ್‌ನ ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ಸುಮಾರು 800 ಹರ್ಟ್ಸ್‌ನಿಂದ ಕೆಳಗೆ ದನಿ ಕುಸಿಯುತ್ತ ಹೋಗುತ್ತದೆ. ಅದನ್ನೇ 1 ಮೆಗಾಓಮ್ ಇನ್‌ಪುಟ್ಟಿಗೆ ಕೊಟ್ಟರೆ ಆ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಆಡಿಯೋ ಇಂಟರ್‌ಫೇಸಿನಲ್ಲಿ ಗಿಟಾರಿಗೆಂದು ಕೊಟ್ಟಿರುವ ಇನ್‌ಪುಟ್ ಸಾಮಾನ್ಯವಾಗಿ ಅಷ್ಟು ಇರುತ್ತದೆ.

ವೇಗ ಅರ್ಧ ಮಾಡಿ ಒಂದು ಸ್ಥಾಯಿ ಕೆಳಗಿಳಿಸುವ ಯೋಚನೆಯಿದ್ದರೆ 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. 48ರಲ್ಲಿ ಮಾಡಿದ್ದು ಅರ್ಧ ವೇಗಕ್ಕೆ ಇಳಿದಾಗ 12 ಕಿಲೋಹರ್ಟ್ಸ್‌ನ ಮೇಲೆ ಏನೂ ಇರುವುದಿಲ್ಲ, ಸಿಂಬಲ್ ಕಂಬಳಿ ಹೊದ್ದಂತಾಗುತ್ತದೆ.

ಹೆಚ್ಚು ಆಲ್ಬಮ್‌ಗಳು ಕೆಡುವುದು ಮಾತ್ರ ಎಡಿಟಿಂಗಿನಲ್ಲಿ. ಜೋರು ಪೆಟ್ಟಿಗೆ ಸ್ವಲ್ಪ ಮುಂಚೆ ಕತ್ತರಿಸಿದರೆ ಜೋಡಣೆ ಕಾಣುವುದಿಲ್ಲ ಅನ್ನುವುದು ರೂಢಿಯ ಮಾತು. ಸೋಲೋದಲ್ಲಿ ಅದು ಅರ್ಧ ಸತ್ಯ. ಮೊದಲ ಟೇಕಿನ ರೈಡ್ ಸಿಂಬಲ್ ಇನ್ನೂ ಮೊಳಗುತ್ತಿರುತ್ತದೆ, ಎರಡನೇ ಟೇಕಿನಲ್ಲಿ ಆ ಮೊಳಗು ಇರುವುದೇ ಇಲ್ಲ. ಪೆಟ್ಟು ಸರಿಯಾಗಿ ಕೂತರೂ ಹಿಂದಿನ ಗಾಳಿ ಫಕ್ಕನೆ ಮಾಯವಾಗುತ್ತದೆ. ಹಾಗಾಗಿ ಎರಡೂ ಟೇಕಿನಲ್ಲಿ ಅದೇ ಸಿಂಬಲ್ ಅಷ್ಟೇ ಬಲದಲ್ಲಿ ಮೊಳಗುತ್ತಿರುವ ಜಾಗ ಹುಡುಕಿ, 5ರಿಂದ 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಕೊಡಿ (ಒಂದು ಆರುತ್ತಿದ್ದಂತೆ ಇನ್ನೊಂದು ಏರಲಿ). ಅಂಥ ಜಾಗ ಸಿಗದಿದ್ದರೆ ಆ ಭಾಗವನ್ನು ಮತ್ತೆ ನುಡಿಸುವುದೇ ಸರಿ. ಮಿಕ್ಸಿನಲ್ಲಿ ಜೋರು ಮೆಲ್ಲಗಿನ ಅಂತರ ಕುಗ್ಗಿಸುವ ಕಂಪ್ರೆಸರನ್ನು ಬಿಗಿ ಮಾಡುವುದಕ್ಕೂ ನನ್ನ ವಿರೋಧವಿದೆ: ಪೆಟ್ಟು ತಗ್ಗಿ ಸಿಂಬಲಿನ ಬಾಲ ಉಬ್ಬುತ್ತದೆ, ಕಷ್ಟಪಟ್ಟು ಬಿಟ್ಟ ಅಂತರಗಳೆಲ್ಲ ತುಂಬಿಹೋಗುತ್ತವೆ.

ವಿನೈಲ್ ಮಾಡಿಸುವುದಾದರೆ ಒಂದು ಬದಿಗೆ 20 ನಿಮಿಷದ ಆಸುಪಾಸು ಇಟ್ಟುಕೊಳ್ಳಿ, ಕಿಕ್ ಮತ್ತು ಫ್ಲೋರ್ ಟಾಮ್‌ನ ತಳಭಾಗವನ್ನು ಮೋನೋದಲ್ಲಿಡಿ (ಎಡಬಲ ಎರಡರಲ್ಲೂ ಒಂದೇ ದನಿ). ತಟ್ಟೆಯ ಒಳಸುತ್ತುಗಳಲ್ಲಿ ತಾರದ ದನಿ ಮಂಕಾಗುತ್ತದೆ, ಕರ್ಕಶವೂ ಆಗುತ್ತದೆ. ಕಮಾನಿನ ಸಿಂಬಲ್, ಸರಪಳಿ ಹಾಕಿದ ಸಿಂಬಲ್ ಇರುವ ತುಣುಕುಗಳನ್ನು ಬದಿಯ ಆರಂಭಕ್ಕೆ ಹಾಕಿ, ಟಾಮ್‌ಗಳ ತುಣುಕನ್ನು ಒಳಸುತ್ತಿಗೆ ಬಿಡಿ.