ಮೈ ನೋಡಿ ಕರೆಯುವವರು, ಮೈ ನೋಡಿ ಅಳೆಯುವವರು

ನಮ್ಮ ಮಹಡಿಯ ನೆರೆಯಾಕೆ ಮೊನ್ನೆ ಲಿಫ್ಟಿನ ಬಾಗಿಲಲ್ಲಿ ನಿಂತು ತಮ್ಮ ಗಂಡನನ್ನು ‘ಗೊರ್ದೊ’ ಎಂದು ಕೂಗಿದಾಗ, ಹೊರಗೆ ಬಂದವರು ಕಡ್ಡಿಯಂತಹ ಮನುಷ್ಯ. ಸ್ಪ್ಯಾನಿಷ್‌ನಲ್ಲಿ ಗೊರ್ದೊ ಎಂದರೆ ದಪ್ಪಗಿರುವವನು. ನಾವಿರುವ ಅರ್ಜೆಂಟೀನದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ದಂಪತಿಗಳು ಒಬ್ಬರನ್ನೊಬ್ಬರು ಹೀಗೆ ಕರೆಯುವುದು, ತಾಯಂದಿರು ಎಳೆಯ ಮಕ್ಕಳನ್ನು ‘ಗೊರ್ದಿ’ ಎಂದು ಮುದ್ದಿಸುವುದು, ಹೆಸರು ಗೊತ್ತಿಲ್ಲದ ಹುಡುಗನನ್ನು ಬೀದಿಯಲ್ಲಿ ‘ಫ್ಲಾಕೊ’, ಅಂದರೆ ಸಣಕಲ, ಎಂದು ನಿಲ್ಲಿಸಿ ದಾರಿ ಕೇಳುವುದು ನಿತ್ಯದ ಸಂಗತಿ. ಇಲ್ಲಿಯ ಟ್ಯಾಂಗೊ ಸಂಗೀತದಲ್ಲಿ ಬ್ಯಾಂಡೋನಿಯನ್ ಎಂಬ ತಿದಿವಾದ್ಯದ ದೊಡ್ಡ ವಾದಕ ಅನಿಬಾಲ್ ತ್ರೊಯ್ಲೊ ಇಲ್ಲಿಯವರಿಗೆ ಗೊರ್ದೊ. 1978ರಲ್ಲಿ ಅರ್ಜೆಂಟೀನಕ್ಕೆ ಫುಟ್‌ಬಾಲ್ ವಿಶ್ವಕಪ್ ಗೆಲ್ಲಿಸಿಕೊಟ್ಟ ತರಬೇತುದಾರ ಮೆನೊತ್ತಿ, ಫ್ಲಾಕೊ. ಇದರಿಂದ ಇಬ್ಬರ ಗೌರವಕ್ಕೂ ಕುಂದು ಬರಲಿಲ್ಲ.

ನನಗೆ ಹಿಡಿಸಿದ್ದು, ಹೀಗೆ ಕರೆದವರು ಕರೆದು ಸುಮ್ಮನಾಗುತ್ತಾರೆ ಎಂಬುದು. ನಮ್ಮಲ್ಲಿ ಮೈಯ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲ. ಕಳೆದ ಸಲ ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮಗನ ಮದುವೆಗೆ ಹೋದಾಗ, ಛತ್ರದ ಬಾಗಿಲಲ್ಲಿ ಕುಂಕುಮ ಕೊಡುತ್ತಲೇ ಸೋದರತ್ತೆ, “ಏನೇ, ಇಷ್ಟು ದಪ್ಪ ಆಗಿಬಿಟ್ಟಿದೀಯ? ಥೈರಾಯ್ಡ್ ತೋರಿಸಿದ್ಯಾ?” ಎಂದರು. ಊಟದ ಹೊತ್ತಿಗೆ ಅದು ಬಿಸಿನೀರು-ಜೇನುತುಪ್ಪದ ಸಲಹೆಯಾಗಿ, ಪಂಕ್ತಿಯುದ್ದಕ್ಕೂ ಹರಡಿ, ಕೊನೆಗೆ ಹದಿನಾಲ್ಕರ ನನ್ನ ಮಗಳ ಕಡೆಗೆ ತಿರುಗಿತು: “ಇವಳೂ ನಿನ್ನ ಹಾಗೇ ಆಗ್ತಾಳೆ ನೋಡು.” ಹುಡುಗಿ ಎಲೆಯ ಮೇಲಿದ್ದ ಹೋಳಿಗೆಯನ್ನು ಮುಟ್ಟದೆ ಎದ್ದಳು. ಅದನ್ನು ನಾನು ಇಂದಿಗೂ ಕ್ಷಮಿಸಲಾರೆ. ತೆಳ್ಳಗಿರುವವರಿಗೂ ಬಿಡುಗಡೆಯಿಲ್ಲ, ಸೊರಗಿದ ಸೊಸೆಯನ್ನು ಕಂಡರೆ ಅತ್ತೆಮನೆಯಲ್ಲಿ ಊಟ ಹಾಕುವುದಿಲ್ಲವೇ ಎಂಬ ವಿಚಾರಣೆ ಆರಂಭವಾಗುತ್ತದೆ. ಹೆಣ್ಣಿನ ತೂಕದಲ್ಲಿ ಅವಳ ಸಂಸಾರ, ಸುಖ, ಶಿಸ್ತು ಎಲ್ಲವನ್ನೂ ಓದಿಬಿಡುವ ಈ ಅಭ್ಯಾಸವನ್ನು ಅಕ್ಕರೆಯೆಂದು ಒಪ್ಪಿಕೊಳ್ಳಲು ನನ್ನಿಂದಾಗದು.

ಇಲ್ಲಿಯದೆಲ್ಲ ಹಸನಾಗಿದೆ ಎನ್ನಲಾರೆ. ಜಗಳದಲ್ಲಿ, ಫುಟ್‌ಬಾಲ್ ಮೈದಾನದಲ್ಲಿ ಅದೇ ಗೊರ್ದೊ ಬೈಗುಳವಾಗುತ್ತದೆ. ಹೆಂಡತಿಯನ್ನು ಪ್ರೀತಿಯಿಂದ ಗೊರ್ದಾ ಎನ್ನುವ ಈ ನಗರದ ಅಂಗಡಿಗಳಲ್ಲಿ ನಿಜಕ್ಕೂ ದಪ್ಪಗಿರುವ ಹೆಣ್ಣುಮಕ್ಕಳಿಗೆ ಪ್ಯಾಂಟು ಸಿಗುವುದು ಕಷ್ಟ; ಜನರ ಮೈಯಳತೆಗಳ ಅಧ್ಯಯನ ನಡೆಸಿ ಉಡುಪಿಗೆ ಏಕರೂಪದ ಅಳತೆ ಗೊತ್ತುಮಾಡಬೇಕೆಂದು 2019ರಲ್ಲಿ ಸಂಸತ್ತು ಕಾಯ್ದೆಯನ್ನೇ ತರಬೇಕಾಯಿತು. ನನ್ನ ಬಾಣಂತನದಲ್ಲಿ ತಮ್ಮ ಮನೆ ಬಿಟ್ಟು ಬಂದು, ರಾತ್ರಿಯೆಲ್ಲ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತವರೂ ಅದೇ ಸೋದರತ್ತೆ ಎಂಬುದನ್ನೂ ಹೇಳಲೇಬೇಕು. ಅವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೂ ಮುಂದಿನ ಮದುವೆಗೆ ಹೊರಡುವ ಮೊದಲು ಅವರಿಗೆ ಫೋನ್ ಮಾಡಿ, ಮಗಳ ಎದುರು ಮೈಯ ಮಾತು ಎತ್ತಬೇಡಿ ಎಂದು ಕೇಳಿಕೊಳ್ಳಲಿದ್ದೇನೆ.