ಕಾಜಾ-ಗುಂಡಿ ಒಂದು ಬಾಕಿ ಐತಿ

ದುಗ್ಗಮ್ಮನ ಜಾತ್ರೆಗೆ ಹಾಕಿಕೊಳ್ಳೋಣ ಅಂತ ಒಂದು ಶರ್ಟ್ ಪೀಸ್ ಹೊಲಿಯಲು ಕೊಟ್ಟಿದ್ದೆ. ನಮ್ಮ ದಾವಣಗೆರೆಯಲ್ಲಿ ಈ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಬಂತು, ನೆಂಟರು ಬಂದರು, ಉಂಡರು, ಹೋದರು. ಶರ್ಟ್ ಬರಲಿಲ್ಲ. ಹೋದಾಗಲೆಲ್ಲ ಟೈಲರ್ ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡು ಒಂದೇ ಮಾತು ಹೇಳುತ್ತಾರೆ: "ಎಲ್ಲಾ ಆಗೇತ್ರಿ ಸರ್, ಕಾಜಾ-ಗುಂಡಿ ಒಂದು ಬಾಕಿ ಐತಿ."

ಮದುವೆ ಜವಳಿಗೆ ಸುತ್ತಲಿನ ಜಿಲ್ಲೆಯವರೆಲ್ಲ ಬರುವ ಊರು ಇದು. ಬಟ್ಟೆ ಸಿಗುವುದು ಅರ್ಧ ಗಂಟೆಯ ಕೆಲಸ. ಹೊಲಿಸಿಕೊಳ್ಳುವುದು ಜನ್ಮಾಂತರದ್ದು.

ಮನೆಯಲ್ಲಿ ಇದನ್ನೇ ಗೊಣಗುತ್ತಿದ್ದಾಗ ಅಕ್ಕನ ಮಗ ಕಿವಿಯಿಂದ ಇಯರ್‌ಫೋನ್ ತೆಗೆದ. ಇಂಜಿನಿಯರಿಂಗ್ ಓದುವ ಹುಡುಗ. ಇಂಗ್ಲಿಷ್ ರಾಕ್ ಬ್ಯಾಂಡ್‌ಗಳ ಹುಚ್ಚು.

"ಮಾವ, ಟೂಲ್ ಅಂತ ಒಂದು ಬ್ಯಾಂಡ್ ಐತಿ. 2006ರಾಗ ಅವರ ಹಾಡುಗಳ ಒಂದು ಸ್ಟುಡಿಯೋ ಆಲ್ಬಂ ಬಂತು. ಆಮೇಲಿಂದು 2019ರಾಗ. ಹದಿಮೂರು ವರ್ಷ! ಅದಕ್ಕೇ ಅವರನ್ನ ಲೆಜೆಂಡ್ ಅನ್ನೋದು."

ಸ್ಟುಡಿಯೋ ಆಲ್ಬಂ ಅಂದರೆ ನನಗೆ ಗೊತ್ತಿದ್ದದ್ದು ಮದುವೆ ಫೋಟೊದ್ದು. ಅದೂ ಬೇಗ ಬರುವ ವಸ್ತುವಲ್ಲ. ಸ್ಟುಡಿಯೋದವರು ತಂದುಕೊಡುವಷ್ಟರಲ್ಲಿ ಮಗುವಿನ ನಾಮಕರಣ ಆಗಿರುತ್ತದೆ. ಆದರೆ ಆ ಫೋಟೊಗ್ರಾಫರನ್ನು ಯಾರಾದರೂ ಲೆಜೆಂಡ್ ಅಂದದ್ದು ನಾನು ಕೇಳಿಲ್ಲ. ಅಂದದ್ದು ಬೇರೆ ಏನೇನೋ ಇದೆ.

ಇಷ್ಟು ವರ್ಷ ಏನು ಮಾಡುತ್ತಾರಪ್ಪ ಅಂತ ಕೇಳಿದೆ. ಹುಡುಗ ತಾಳ್ಮೆಯಿಂದ ವಿವರಿಸಿದ. ರೆಕಾರ್ಡಿಂಗ್ ಆದ ಮೇಲೆ ಮಿಕ್ಸಿಂಗ್ ಇರುತ್ತೆ, ದನಿ-ವಾದ್ಯಗಳನ್ನೆಲ್ಲ ಹದವಾಗಿ ಬೆರೆಸೋದು. ಅದಾದ ಮೇಲೆ ಮಾಸ್ಟರಿಂಗ್, ಅಂದರೆ ಕೊನೆಯ ಪಾಲಿಶ್. "ಹಾಡೆಲ್ಲ ರೆಡಿ ಇರ್ತಾವ ಮಾವ, ಮಿಕ್ಸಿಂಗ್ ಒಂದು ಬಾಕಿ ಇರ್ತೈತಿ."

ಕಾಜಾ-ಗುಂಡಿ!

ಹಿಂದೆ ನಮ್ಮ ಕಡೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗಬೇಕು. ಮಾರನೇ ರಾತ್ರಿ ಬಂದರೂ ಅದೇ ಬರಹ. ದೆವ್ವಕ್ಕೆ ಓದಲು ಬರುತ್ತೆ, ದಿನ ಎಣಿಸಲು ಬರಲ್ಲ ಅನ್ನೋದು ಹಿರಿಯರ ಲೆಕ್ಕಾಚಾರ. ಈಗ ಬಾಗಿಲ ಮೇಲೆ ಯಾರೂ ಬರೆಯುತ್ತಿಲ್ಲ. ಬ್ಯಾಂಡಿನವರು ಬರೆಯುತ್ತಾರೆ. ದೆವ್ವದ ಪಾತ್ರ ಅಭಿಮಾನಿಗಳದು. ವ್ಯತ್ಯಾಸ ಇಷ್ಟೇ, ದೆವ್ವ ಸುಮ್ನೆ ಹೋಗುತ್ತಿತ್ತು. ಇವರು "ಎಂಥಾ ಅಕ್ಷರ, ಎಂಥಾ ಗಾಂಭೀರ್ಯ" ಅಂತ ಹೊಗಳಿ ಹೋಗುತ್ತಾರೆ.

ಈ ವಿದ್ಯೆಯಲ್ಲಿ ಪದವಿ ಪಡೆದವರು ಗನ್ಸ್ ಎನ್ ರೋಸಸ್ ಅನ್ನೋ ಅಮೆರಿಕದ ಬ್ಯಾಂಡಿನವರು. 1993ರಲ್ಲಿ ಒಂದು ಆಲ್ಬಂ ಕೊಟ್ಟರು. ಮುಂದಿನದು ಬಂದದ್ದು 2008ರ ನವೆಂಬರಿನಲ್ಲಿ. ಅಷ್ಟರಲ್ಲಿ ಹಳೇ ತಂಡದಲ್ಲಿ ಹಾಡುಗಾರ ಆಕ್ಸಲ್ ರೋಸ್ ಮತ್ತು ಕೀಬೋರ್ಡಿನವರು ಬಿಟ್ಟು ಮಿಕ್ಕವರೆಲ್ಲ ಜಾಗ ಖಾಲಿ ಮಾಡಿದ್ದರು. ಆಲ್ಬಮ್ಮಿನ ಹೆಸರು 'ಚೈನೀಸ್ ಡೆಮಾಕ್ರಸಿ'. ಹೆಸರಿಟ್ಟವರು ಬುದ್ಧಿವಂತರು. ಬರಲಿಲ್ಲವೆಂದರೆ ಹೆಸರಿಗೆ ತಕ್ಕ ಹಾಗೇ ಇದೆ ಅನ್ನಬಹುದಿತ್ತು. ನಗಬೇಡಿ, ನಮ್ಮ ಪ್ರಜಾಪ್ರಭುತ್ವದ ಡಿಸ್ಕೂ ಅಲ್ಲಲ್ಲಿ ಸಿಕ್ಕಿಕೊಂಡಿದೆ. ಜಿಲ್ಲಾ ಪಂಚಾಯಿತಿಗೆ ನಾವು ವೋಟು ಹಾಕಿದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಮಿಕ್ಸಿಂಗ್. ಕ್ಷೇತ್ರ ಮರುವಿಂಗಡಣೆಯಂತೆ, ಮೀಸಲಾತಿ ಪಟ್ಟಿಯಂತೆ, ಕೋರ್ಟಂತೆ.

ಈ ಆಲ್ಬಮ್ಮಿಗೆ ಇನ್ನೊಂದು ಉಪಕಥೆ ಇದೆ. ಅಮೆರಿಕದಲ್ಲಿ ಡಾ. ಪೆಪ್ಪರ್ ಅನ್ನೋ ತಂಪು ಪಾನೀಯದ ಕಂಪನಿ ಒಂದು ಮಾತು ಕೊಟ್ಟಿತು. ಆಲ್ಬಂ 2008ರೊಳಗೆ ಬಂದರೆ ಅಮೆರಿಕದ ಪ್ರತಿಯೊಬ್ಬರಿಗೂ ಒಂದೊಂದು ಕ್ಯಾನ್ ಪುಕ್ಕಟೆ. ತಂಡ ಬಿಟ್ಟುಹೋದ ಇಬ್ಬರು ಗಿಟಾರಿನವರಿಗೆ ಮಾತ್ರ ಇಲ್ಲ. ಇವರೆಲ್ಲಿ ತರುತ್ತಾರೆ ಅನ್ನೋ ಧೈರ್ಯ! ಬಂದೇಬಿಟ್ಟಿತು. ಕೂಪನ್ ಕೊಡುವುದು ವೆಬ್‌ಸೈಟಿನಲ್ಲಿ, ಒಂದು ದಿನ ಮಾತ್ರ ಅಂದಿದ್ದರು. ಜನ ಮುಗಿಬಿದ್ದರು, ವೆಬ್‌ಸೈಟ್ ನೆಲಕಚ್ಚಿತು. ಆಗ ಬ್ಯಾಂಡಿನ ವಕೀಲರು ಕಂಪನಿಗೆ ಪತ್ರ ಬರೆದರು: ಅಭಿಮಾನಿಗಳಿಗೆ ಅನ್ಯಾಯವಾಗಿದೆ, ಕ್ಷಮೆ ಕೇಳಿ. ಹದಿನೈದು ವರ್ಷ ಕಾಯಿಸಿದವರಿಗೆ ಒಂದು ದಿನದ ತಡ ಸಹಿಸಲಾಗಲಿಲ್ಲ.

ಸ್ವೀಡನ್ನಿನ 'ಅಬ್ಬಾ' ಅನ್ನೋ ಹಾಡುಗಾರರ ತಂಡದ್ದು ಇನ್ನೂ ದೊಡ್ಡ ಲೆಕ್ಕ. 1981ರಲ್ಲಿ ಒಂದು ಆಲ್ಬಂ, 2021ರಲ್ಲಿ ಇನ್ನೊಂದು. ಸರಿ, ಬಂತಲ್ಲ, ವೇದಿಕೆ ಮೇಲಾದರೂ ಕಾಣುತ್ತಾರಾ ಅಂದರೆ ಅದೂ ಇಲ್ಲ. 2022ರಿಂದ ಲಂಡನ್ನಿನಲ್ಲಿ ನಡೆಯುತ್ತಿರುವ ಕಾರ್ಯಕ್ರಮದಲ್ಲಿ ಹಾಡುವುದು ಅವರ ಡಿಜಿಟಲ್ ರೂಪಗಳು. ಅದೂ 1979ರಲ್ಲಿದ್ದ ಹಾಗೆ, ಒಂದು ಸುಕ್ಕೂ ಇಲ್ಲದೆ. ಇದರಲ್ಲಿ ಬೆರಗಾಗುವಂಥದ್ದು ನನಗೇನೂ ಕಾಣಲಿಲ್ಲ. ನಮ್ಮ ರಸ್ತೆ ಸರ್ಕಲ್ಲುಗಳಲ್ಲಿ ನಿಂತಿರುವ ಕಟೌಟುಗಳನ್ನು ನೋಡಿ. ಮನುಷ್ಯ ಐದು ವರ್ಷ ಈ ಕಡೆ ತಲೆ ಹಾಕಿರುವುದಿಲ್ಲ. ಕಟೌಟು ಮಾತ್ರ ಕಪ್ಪು ಕೂದಲು ಬಿಟ್ಟುಕೊಂಡು ಕೈ ಮುಗಿಯುತ್ತಿರುತ್ತದೆ.

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ ಬಿಡಿ. ಇಂಗ್ಲೆಂಡಿನ ಹಾಡುಗಾರ್ತಿ ಕೇಟ್ ಬುಷ್ 1993ರಿಂದ 2005ರವರೆಗೆ ಆಲ್ಬಂ ತರಲಿಲ್ಲ. ನಡುವೆ ಮಗ ಹುಟ್ಟಿದ, ಸಾಕಿದರು. ಅದು ಗ್ಯಾಪ್ ಅಲ್ಲ, ಅದೇ ಕೆಲಸ. ಅಲ್ಲಿಯವರೇ ಇನ್ನೊಬ್ಬ ಹಾಡುಗಾರ್ತಿ ವಾಷ್ಟಿ ಬನ್ಯನ್ ಅವರ 1970ರ ಆಲ್ಬಂ ಯಾರೂ ಕೊಳ್ಳಲಿಲ್ಲ. ಬೇಜಾರಾಗಿ ಹಾಡು ಬಿಟ್ಟು ಹೋದರು. ಎರಡನೆಯದು ಬಂದದ್ದು 2005ರಲ್ಲಿ. ಅವರ ಮೂವತ್ತೈದು ವರ್ಷಕ್ಕೆ ಕೇಳುಗರೇ ಜವಾಬ್ದಾರರು. ನನ್ನ ತಕರಾರು ಇವರ ಮೇಲಲ್ಲ. ತಡ ಆದಷ್ಟೂ ಜಾಸ್ತಿ ಪ್ರತಿಭೆ ಅನ್ನೋ ಆ ಲೆಕ್ಕದ ಮೇಲೆ.

ಆ ಲೆಕ್ಕ ನಿಜವಾದರೆ ಎಲ್ಲರಿಗೂ ಅನ್ವಯಿಸಬೇಕಲ್ವಾ? ಮದುವೆ ಮನೆ ವಾಲಗದವರನ್ನು ನೋಡಿ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದ ಆ ಕ್ಷಣಕ್ಕೆ ಡೋಲು ಮೊಳಗಬೇಕು. "ಇನ್ನೂ ಮೂಡ್ ಬಂದಿಲ್ರಿ, ನಮ್ಮ ಹಳೇ ಗಟ್ಟಿಮೇಳಕ್ಕಿಂತ ಇದು ಬೇರೆ ಥರ ಇರಬೇಕು" ಅಂತ ಡೋಲಿನವರು ಕೂತರೆ? ಹುಡುಗಿ ತಂದೆ ಡೋಲಿನ ಬದಲು ಅವರಿಗೇ ಬಾರಿಸುತ್ತಾರೆ. ಗಣೇಶನ ಹಬ್ಬದ ಆರ್ಕೆಸ್ಟ್ರಾದವರು ಒಂದೇ ರಾತ್ರಿ ಮೂವತ್ತು ಹಾಡು ಹೇಳುತ್ತಾರೆ. ಮಧ್ಯೆ ಸಿಗುವ ಗ್ಯಾಪು ಒಂದು ಚಹಾದ್ದು. ಅವರನ್ನು ಯಾರೂ ಲೆಜೆಂಡ್ ಅನ್ನಲ್ಲ. "ಒನ್ಸ್ ಮೋರ್" ಅಂತಾರೆ, ದುಡ್ಡು ಕೊಡುವಾಗ ಚೌಕಾಸಿ ಮಾಡುತ್ತಾರೆ.

"ಬೀಟಲ್ಸ್‌ನವರು 1963ರ ಫೆಬ್ರುವರಿ 11ರಂದು ಒಂದೇ ದಿನದಲ್ಲಿ ಹತ್ತು ಹಾಡು ರೆಕಾರ್ಡ್ ಮಾಡಿದ್ರಂತಲ್ಲೋ ಅಳಿಯ" ಅಂದೆ. ಎಲ್ಲೋ ಓದಿದ್ದು ನೆನಪಿತ್ತು.

"ಅವಾಗ ಟೆಕ್ನಾಲಜಿ ಇರಲಿಲ್ಲ ಮಾವ" ಅಂದ. ಅಂದರೆ ಟೆಕ್ನಾಲಜಿ ಬಂದಿರುವುದು ತಡ ಮಾಡಲಿಕ್ಕೆ. ಇದು ನನಗೆ ಒಪ್ಪಿಗೆ. ತುಮಕೂರು-ದಾವಣಗೆರೆ ನೇರ ರೈಲು ಮಾರ್ಗ ಮಂಜೂರಾದದ್ದು 2011-12ರಲ್ಲಿ. ನಮ್ಮ ರೈಲು ಮಾತ್ರ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿಕೊಂಡೇ ಬೆಂಗಳೂರು ಸೇರಿದ್ದು ಎಷ್ಟು ವರ್ಷ!

ಗ್ಯಾಪಿನ ಬಗ್ಗೆ ನಿಜಕ್ಕೂ ಮಾತಾಡುವ ಹಕ್ಕಿರುವುದು ಪಕ್ಕದ ಚಿತ್ರದುರ್ಗ ಜಿಲ್ಲೆಯ ಮಾರಿ ಕಣಿವೆ ಅಣೆಕಟ್ಟಿಗೆ. ಹಿರಿಯೂರಿನ ಹತ್ತಿರದ ಆ ವಾಣಿವಿಲಾಸ ಸಾಗರ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಟೂಲ್‌ನವರು ಬಂದು ಕಾಲಿಗೆ ಬೀಳಬೇಕು. ಅದೇನೂ ನಡುವೆ ಟೀಸರ್ ಬಿಡಲಿಲ್ಲ, "ಹೊಸ ದಿಕ್ಕಿನಲ್ಲಿ ಹರಿಯುವ ಯೋಚನೆ ಇದೆ" ಅಂತ ಸಂದರ್ಶನ ಕೊಡಲಿಲ್ಲ. ನೀರು ಬರಲಿಲ್ಲ, ಹರಿಯಲಿಲ್ಲ. ಬಂತು, ಹರಿಯಿತು. ಜನ ಬಾಗಿನ ಕೊಟ್ಟರು. ಮೂರನೇ ಸಲ 2025ರ ಜನವರಿಯಲ್ಲೇ ಬಿತ್ತು. ಎರಡೂ ಚಿಲ್ಲರೆ ವರ್ಷಕ್ಕೆ. ಅಳಿಯನ ಲೆಕ್ಕದಲ್ಲಿ ಇದು ಕ್ವಾಲಿಟಿ ಕಡಿಮೆ ಆದ ಲಕ್ಷಣ.

ಹೋದ ವಾರ ಟೈಲರ್ ಫೋನು ಮಾಡಿದರು. ಶರ್ಟ್ ರೆಡಿ. ಅಳಿಯನನ್ನೂ ಕರೆದುಕೊಂಡೇ ಹೋದೆ, ಬಿಡುಗಡೆ ಸಮಾರಂಭ ನೋಡಲಿ ಅಂತ. ಹಾಕಿಕೊಂಡೆ. ಮೇಲಿನ ಎರಡು ಗುಂಡಿ ಬಿದ್ದವು. ಮೂರನೆಯದು ಹೊಟ್ಟೆಯ ಹತ್ತಿರ ಬಂದು ಕಾಜಾವನ್ನು ದೂರದಿಂದಲೇ ನೋಡಿ ನಿಂತಿತು. ಅಳತೆ ಕೊಟ್ಟಾಗ ಇದ್ದ ಮನುಷ್ಯ ನಾನಲ್ಲ. ಮೈ ಬ್ಲಡಿ ವ್ಯಾಲೆಂಟೈನ್ ಅನ್ನೋ ಬ್ಯಾಂಡಿಗೆ 1991ರ ನಂತರ ಮುಂದಿನ ಆಲ್ಬಂ ತರಲು 2013 ಆಯಿತಂತೆ. ಇಪ್ಪತ್ತಕ್ಕೆ ಕಾಯಲು ಕೂತವನಿಗೆ ನಲವತ್ತೆರಡು. ಕಿವಿಗೂ ಅಳತೆ ಅನ್ನೋದು ಇರುತ್ತಲ್ವಾ?

ಟೈಲರ್ ಕನ್ನಡಕ ಮೇಲೇರಿಸಿ ಹೊಟ್ಟೆ ನೋಡಿದರು. ಸ್ವಲ್ಪವೂ ಗಾಬರಿಯಾಗಲಿಲ್ಲ.

"ಒಳಗ ಬಟ್ಟಿ ಬಿಟ್ಟೀನ್ರಿ ಸರ್. ಬಿಚ್ಚಿ ಲೂಸ್ ಮಾಡಿ ಕೊಡ್ತೀನಿ. ಒಂದು ವಾರ."

ಯಾವ ವಾರ ಅಂತ ನಾನು ಕೇಳಬೇಕೆಂದಿದ್ದೆ. ಅಳಿಯ ಆಗಲೇ ಅವರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ.