ಹೌದು, ಎಂಟು ಗ್ರಾಂ ತೂಕದ ಹಕ್ಕಿಗಾಗಿಯೇ

ನಿನ್ನೆ ಸಂಜೆ ನಮ್ಮ ಬಡಾವಣೆಯ ನಿವಾಸಿಗಳ ಸಭೆಗೆ ಹೋಗಿದ್ದೆ. ಅಲ್ಲಿ ನುಂಗಿಕೊಂಡ ಮಾತುಗಳು ಇನ್ನೂ ಗಂಟಲಲ್ಲೇ ಇವೆ, ಆದ್ದರಿಂದ ಇಲ್ಲಿ ಕಾರಿಕೊಳ್ಳುತ್ತೇನೆ. ಇಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮನೆಗಳ ಹಿಂದೆ ಹರಿಯುವ ಸಾಂತಾ ಆನಾ ನದಿಯ ಪಾತ್ರದಲ್ಲಿ ಬೆಳೆದಿರುವ ಪೊದೆಗಳನ್ನೆಲ್ಲ ಕೂಡಲೇ ಸವರಿ ಹಾಕಬೇಕಂತೆ. ಈಗ ಅನುಮತಿ ಸಿಗುತ್ತಿಲ್ಲವಂತೆ. ಕಾರಣ ಲೀಸ್ಟ್ ಬೆಲ್ಸ್ ವಿರಿಯೋ ಎಂಬ ಒಂದು ಹಕ್ಕಿಯಂತೆ. "ಎಂಟು ಗ್ರಾಂ ತೂಕದ ಹಕ್ಕಿಗಾಗಿ ನಾವು ಆರು ತಿಂಗಳು ಕೈಕಟ್ಟಿ ಕೂರಬೇಕೇ?" ಎಂದು ಒಬ್ಬರು ಎದ್ದು ನಿಂತು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಮ್ಮ ಕನ್ನಡದವರೂ ಒಬ್ಬರಿದ್ದರು. ಹೆಸರು ಹೇಳುವುದಿಲ್ಲ, ಅವರು ಇದನ್ನು ಓದುತ್ತಾರೆ. ನದಿ ಕಾಣುವ ಮನೆಯೇ ಬೇಕೆಂದು ಹಟ ಹಿಡಿದು, ಹೆಚ್ಚು ದುಡ್ಡು ತೆತ್ತು ಕೊಂಡವರು. ನದಿಯೇನೋ ಬೇಕು, ಅದರ ದಡದಲ್ಲಿ ಮಾತ್ರ ಏನೂ ಬೆಳೆಯಕೂಡದು.

ನನ್ನ ಹಕ್ಕಿ ಹುಚ್ಚಿನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ, ಫೋಟೋಗಳನ್ನು ಸಹಿಸಿಕೊಂಡು ಬಂದಿದ್ದೀರಿ. ಆದರೆ ಲೀಸ್ಟ್ ಬೆಲ್ಸ್ ವಿರಿಯೋದ ಫೋಟೋ ಹಾಕಿದಾಗ ಯಾರೂ ತಿರುಗಿ ನೋಡಲಿಲ್ಲ. ನಿಮ್ಮ ತಪ್ಪಲ್ಲ. ಮೇಲೆ ಬೂದು, ಕೆಳಗೆ ಮಾಸಿದ ಬಿಳಿ, ಅಷ್ಟೇ ಅದರ ಬಣ್ಣ. ಬಾಯಿ ಬಿಟ್ಟರೆ ಮಾತ್ರ ಗುರುತು ತಪ್ಪುವುದಿಲ್ಲ. ಪೊದೆಯೊಳಗಿಂದ ಒರಟು ಗಂಟಲಿನಲ್ಲಿ, ಗಡಿಬಿಡಿಯಲ್ಲಿ ಏನನ್ನೋ ಕೇಳುತ್ತದೆ. ದನಿ ಮೇಲಕ್ಕೇರಿ ನಿಲ್ಲುತ್ತದೆ. ಮರುಕ್ಷಣ ಅದೇ ಮಾತನ್ನು ದನಿ ಇಳಿಸಿ ಹೇಳಿ ತಾನೇ ಉತ್ತರವನ್ನೂ ಕೊಟ್ಟುಬಿಡುತ್ತದೆ. ಮಾರ್ಚ್ ಮಧ್ಯದಲ್ಲಿ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಿಂದ ಬಂದಿಳಿದ ಗಂಡು ಬೆಳಗಿನಿಂದ ಸಂಜೆಯವರೆಗೆ ನಡೆಸುವುದು ಇದೇ ವಾಗ್ವಾದವನ್ನು. (ನಿನ್ನೆಯ ಸಭೆಯಲ್ಲಿ ಉತ್ತರಕ್ಕೆ ಕಾಯದೆ ಪ್ರಶ್ನೆಗಳನ್ನಷ್ಟೇ ಎಸೆಯುತ್ತಿದ್ದವರಿಗಿಂತ ಇದು ಎಷ್ಟೋ ವಾಸಿ.)

ಸಭೆಯಲ್ಲಿ ನನ್ನನ್ನು ನಿಜವಾಗಿ ಕೆರಳಿಸಿದ್ದು ಆ ಎಂಟು ಗ್ರಾಂ ಮಾತಲ್ಲ. ಆಮೇಲೆ ಬಂದ 'ರಾಜಿ ಸೂತ್ರ'. "ದೊಡ್ಡ ಮರಗಳು ಇರಲಿ, ಕೆಳಗಿನ ಕುರುಚಲನ್ನು ಮಾತ್ರ ತೆಗೆಯೋಣ, ನಾಲ್ಕು ಬೆಂಚು ಹಾಕಿಸೋಣ, ಹಕ್ಕಿಗೂ ಸಂತೋಷ, ನಮಗೂ ಸಂತೋಷ." ಹೇಳಿದವರ ಮುಖದಲ್ಲಿ ಎಂಥ ಔದಾರ್ಯ!

ಸ್ವಾಮಿ, ಆ ಹಕ್ಕಿ ಬದುಕುವುದೇ ಆ ಕುರುಚಲಿನಲ್ಲಿ. ಗೂಡು ಕಟ್ಟುವುದು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ, ನಮ್ಮ ಸೊಂಟದ ಮಟ್ಟಕ್ಕೆ. ಹಕ್ಕಿಗಳೆಲ್ಲ ಹೊರಟುಹೋದ ಮೇಲೆ ಸಮೀಕ್ಷೆಯವರು ನನಗೊಂದು ಖಾಲಿ ಗೂಡು ತೋರಿಸಿದ್ದರು. ವಿಲೋ ಗಿಡದ ಕವಲೊಡೆದ ಕಡ್ಡಿಯಂಥ ಟೊಂಗೆ, ಆ ಕವಲಿನ ನಡುವೆ ಅಂಚಿನಿಂದ ತೂಗುಬಿಟ್ಟ ಪುಟ್ಟ ಬಟ್ಟಲು. ತೊಗಟೆಯ ಎಳೆ, ಒಣಗಿದ ಎಲೆ, ಹುಲ್ಲು, ಎಲ್ಲವನ್ನೂ ಜೇಡರ ಬಲೆಯ ನೂಲಿನಿಂದ ಬಿಗಿದಿತ್ತು. ಬೆರಳಿನಿಂದ ತೋರಿಸಿದ ಮೇಲೂ ನನಗೆ ಅದು ಕಾಣಲು ಹೊತ್ತು ಹಿಡಿಯಿತು. ಕಾಣದಿರುವುದೇ ಅದರ ಕೋಟೆ. ಆ ಕೋಟೆಯ ಗೋಡೆಗಳನ್ನು, ಅಂದರೆ ಒತ್ತೊತ್ತಾಗಿ ಬೆಳೆದ ಎಳೆಯ ವಿಲೋ, ಮ್ಯೂಲ್‌ಫ್ಯಾಟ್ ಎಂಬ ಪೊದೆಗಿಡ, ಕಾಡುಗುಲಾಬಿಗಳನ್ನು ಕಿತ್ತು, ಮೇಲಿನ ಮರಗಳನ್ನಷ್ಟೇ ಉಳಿಸುತ್ತೇವೆ ಎನ್ನುವುದು ಯಾವ ಸೀಮೆಯ ರಾಜಿ? ಹಕ್ಕಿಯನ್ನು ಬೆಂಚಿನ ಮೇಲೆ ಕೂರಿಸುತ್ತಾರೆಯೇ?

ನದಿ ತನ್ನ ಪಾಡಿಗೆ ತಾನು ಇದ್ದಾಗ ಇದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ನೆರೆ ಬಂದು ಹಳೆಯ ಮರಗಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು, ಬಿಟ್ಟುಹೋದ ಹಸಿ ಮರಳಿನಲ್ಲಿ ಎಳೆಯ ವಿಲೋ ಮೊಳೆಯುತ್ತಿತ್ತು. ಕೆಲವೇ ವರ್ಷಗಳಲ್ಲಿ ವಿರಿಯೋಗೆ ಬೇಕಾದಂಥ ಪೊದೆ ತಯಾರು. ಅಣೆಕಟ್ಟು ಕಟ್ಟಿ, ನದಿಗೆ ಕಾಂಕ್ರೀಟ್ ಬಳಿದು, ದಡದವರೆಗೂ ಹೊಲ ಉತ್ತು, ಮನೆ ಎಬ್ಬಿಸಿ ನಾವು ಆ ಲೆಕ್ಕವನ್ನೇ ಕೆಡಿಸಿದೆವು. ಕ್ಯಾಲಿಫೋರ್ನಿಯಾದ ನದಿ ದಡದ ಕಾಡಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ಹೀಗೇ ಹೋಯಿತು. 1980ರಲ್ಲಿ ರಾಜ್ಯ ಸರ್ಕಾರವೂ 1986ರಲ್ಲಿ ಒಕ್ಕೂಟ ಸರ್ಕಾರವೂ ಈ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದವು. ಒಂದು ಕಾಲಕ್ಕೆ ಉತ್ತರದ ಸ್ಯಾಕ್ರಮೆಂಟೊ ಕಣಿವೆಯವರೆಗೂ ಹಬ್ಬಿದ್ದ ಹಕ್ಕಿ 1986ರ ಹೊತ್ತಿಗೆ ಸುಮಾರು 300 ಜೋಡಿಗೆ ಇಳಿದಿತ್ತು.

ಕೇಳಿ, ನಾನು ಗೋಳಿನ ಕತೆ ಹೇಳುತ್ತಿಲ್ಲ. 2005ರ ಹೊತ್ತಿಗೆ ಆ 300 ಹತ್ತಿರ ಹತ್ತಿರ 3,000ಕ್ಕೆ ಏರಿತು. ಅದೇ ವರ್ಷ ಸ್ಯಾನ್ ವಾಕೀನ್ ನದಿಯ ವನ್ಯಜೀವಿ ಧಾಮದಲ್ಲಿ ಒಂದು ಜೋಡಿ ಗೂಡು ಕಟ್ಟಿತು. ಆ ನದಿ ಹರಿಯುವ ಸೆಂಟ್ರಲ್ ವ್ಯಾಲಿ ಎಂಬ ಕಣಿವೆಯಲ್ಲಿ ಅರವತ್ತು ವರ್ಷಗಳಿಂದ ಒಂದು ಗೂಡೂ ಕಂಡಿರಲಿಲ್ಲ. ಗಿಡ ನೆಟ್ಟು ಎಬ್ಬಿಸಿದ ಪೊದೆಯನ್ನು ಹುಡುಕಿಕೊಂಡು ಬಂದಿತ್ತು ಅದು. ನಮ್ಮ ನದಿಯಲ್ಲೇ ಪ್ರಾಡೋ ಅಣೆಕಟ್ಟಿನ ಹಿಂದಿನ ವಿಲೋ ಕಾಡಿನಲ್ಲಿ, 1980ರ ದಶಕದಲ್ಲಿ ಬೆರಳೆಣಿಕೆಯಷ್ಟಿದ್ದವು ನೂರಾರಾದವು. ಇನ್ನು ಕ್ಯಾಂಪ್ ಪೆಂಡಲ್ಟನ್, ಅಂದರೆ ನೌಕಾ ಪದಾತಿ ಪಡೆ ತರಬೇತಿ ಪಡೆಯುವ ಜಾಗ! ಅಲ್ಲಿ ಗುಂಡಿನ ಸದ್ದಿನ ನಡುವೆ ಸಾಂತಾ ಮಾರ್ಗರೀಟಾ ನದಿಯ ದಡದಲ್ಲಿ ಈ ಹಕ್ಕಿ ಹುಲುಸಾಗಿ ಬಾಳುತ್ತಿದೆ. ಬಂದೂಕು ಹಿಡಿದವರ ಪಕ್ಕದಲ್ಲಿ ಬದುಕಬಲ್ಲದು, ಬೆಂಚು ಹಾಕುವವರ ಪಕ್ಕದಲ್ಲಿ ಆಗದು.

ಬೆಂಕಿಯ ಮಾತು ಎತ್ತಿದರು. ಸರಿ, ಬೆಂಕಿಯ ಭಯ ನನಗೂ ಇದೆ, ನನ್ನ ಮನೆಯೂ ಅದೇ ಸಾಲಿನಲ್ಲಿದೆ. ಆದರೆ ಉರಿಯುವುದು ಯಾವುದು ಎಂದು ಒಮ್ಮೆ ಇಳಿದು ನೋಡಿದ್ದಾರೆಯೇ? ನದಿಯಲ್ಲಿ ಬಿದಿರಿನಂತೆ ನಿಂತಿರುವ ಆ ಅರುಂಡೋ ಎಂಬ ದೈತ್ಯ ಜೊಂಡು ಈ ನೆಲದ್ದಲ್ಲ. 1820ರ ದಶಕದಲ್ಲಿ ಲಾಸ್ ಏಂಜಲೀಸಿಗೆ ತಂದು ನೆಟ್ಟದ್ದು, ಕಾಲುವೆಯ ದಂಡೆ ಕುಸಿಯದಿರಲಿ, ಚಾವಣಿಗೂ ಆಗಲಿ ಎಂದು. ಯಥೇಚ್ಛ ನೀರು ಕುಡಿಯುತ್ತದೆ, ಒಣಗಿದಾಗ ಭಗ್ಗನೆ ಹತ್ತಿಕೊಳ್ಳುತ್ತದೆ, ಸುಟ್ಟ ಮೇಲೆ ಗಡ್ಡೆಯಿಂದ ವಿಲೋಗಿಂತ ಮೊದಲು ಚಿಗುರಿ ಜಾಗ ಹಿಡಿಯುತ್ತದೆ. ಅದರಲ್ಲಿ ವಿರಿಯೋ ಗೂಡು ಕಟ್ಟುವುದು ಅಪರೂಪ. ನೆರೆಯಲ್ಲಿ ತೇಲಿಬಂದ ಒಂದು ತುಂಡು ಗಡ್ಡೆ ಸಾಕು, ಕೆಳಗೆ ಇನ್ನೊಂದು ಮೆಳೆ ಏಳುತ್ತದೆ. ಹಾಗಾಗಿ ಅದನ್ನು ಮೇಲಿನಿಂದ ಕೆಳಕ್ಕೆ, ನದಿ ಹರಿಯುವ ದಿಕ್ಕಿನಲ್ಲೇ ಕಿತ್ತುಕೊಂಡು ಬರಬೇಕು. ನಮ್ಮ ಹಿತ್ತಿಲ ಹಿಂದಿನ ನೂರು ಗಜವನ್ನು ಬೋಳಿಸಿದರೆ ಮುಂದಿನ ನೆರೆಯವರೆಗೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಮತ್ತು ಕಾಯಬೇಕಾದ್ದು ಎಷ್ಟು? ಸಾಮಾನ್ಯವಾಗಿ ಮಾರ್ಚ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಗೂಡಿನ ಕಾಲದಲ್ಲಿ, ಕೈ ಹಚ್ಚಬೇಡಿ ಎನ್ನುತ್ತಾರೆ. ಅದು ಮುಗಿದ ಮೇಲೂ ಇಲ್ಲಿ ಮಳೆ ಶುರುವಾಗಲು ಸಮಯವಿರುತ್ತದೆ. ಮನೆಯ ಅಡುಗೆಕೋಣೆ ಹೊಸದಾಗಿ ಮಾಡಿಸಲು ಒಂದೂವರೆ ವರ್ಷ ಕಾದವರು ಇವರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ನನ್ನನ್ನು ಸಾಧು ಎಂದುಕೊಂಡವರಿಗೆ. ಪೊದೆ ಉಳಿಸಿದ್ದರಿಂದ ಮಾತ್ರ ವಿರಿಯೋ ಉಳಿಯಲಿಲ್ಲ. ಕೌಬರ್ಡ್ ಎಂಬ ಹಕ್ಕಿ ಇದೆ, ದನಗಳ ಕೊಟ್ಟಿಗೆಗಳೂ ನೀರಾವರಿ ಹೊಲಗಳೂ ಹೆಚ್ಚಿದಂತೆ ಕಳೆದ ಶತಮಾನದಲ್ಲಿ ಇಲ್ಲೆಲ್ಲ ಹರಡಿದ್ದು. ಗೂಡು ಕಟ್ಟುವುದಿಲ್ಲ, ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ಕೋಗಿಲೆಯ ಮರಿಯನ್ನು ಸಾಕಿದರೂ ಕಾಗೆಯ ಸಂಸಾರ ಹೇಗೋ ನಡೆಯುತ್ತದೆ. ತನಗಿಂತ ನಾಲ್ಕೈದು ಪಟ್ಟು ತೂಗುವ ಹಕ್ಕಿಯ ಮರಿಗೆ ತಿನ್ನಿಸಿ ಸೋಲುವ ವಿರಿಯೋಗೆ ತನ್ನದೆಂಬುದು ಉಳಿಯುವುದಿಲ್ಲ. ಅದಕ್ಕೇ ನದಿ ದಡದಲ್ಲಿ ದೊಡ್ಡ ಜಾಲರಿಯ ಪಂಜರಗಳನ್ನು ಇಡುತ್ತಾರೆ. ಒಳಗೆ ಕಾಳು, ನೀರು, ಆಸೆ ಹುಟ್ಟಿಸಲು ಕೆಲವು ಜೀವಂತ ಕೌಬರ್ಡ್‌ಗಳು. ಮೇಲಿನ ಸೀಳಿನಿಂದ ರೆಕ್ಕೆ ಮಡಚಿ ಇಳಿದದ್ದು ಮತ್ತೆ ಹಾರಿ ಹೊರಬರಲಾರದು. ಬೇರೆ ಹಕ್ಕಿಗಳು ಸಿಕ್ಕರೆ ಬಿಟ್ಟುಬಿಡುತ್ತಾರೆ. ಕೌಬರ್ಡ್‌ಗಳನ್ನು ಕೊಲ್ಲುತ್ತಾರೆ. ಮನೆಯ ಜೇಡವನ್ನು ಲೋಟದಲ್ಲಿ ಹಿಡಿದು ಹೊರಗೆ ಬಿಡುವ ನಾನು ಆ ಪಂಜರದ ಮುಂದೆ ನಿಂತು, ಹಾಗೇ ಆಗಲಿ ಎಂದುಕೊಂಡಿದ್ದೇನೆ. ಈಗಲೂ ಹಾಗೇ ಅನ್ನುತ್ತೇನೆ, ಆದರೆ ಆ ದಿನ ಊಟ ಸೇರಲಿಲ್ಲ. ಪೊದೆ ಕಡಿದು ತುಂಡು ತುಂಡು ಮಾಡಿದಷ್ಟೂ ಅಂಚು ಹೆಚ್ಚುತ್ತದೆ, ಅಂಚು ಹೆಚ್ಚಿದಷ್ಟೂ ಕೌಬರ್ಡ್‌ಗೆ ಗೂಡು ಹುಡುಕುವುದು ಸುಲಭ, ಆಮೇಲೆ ಇನ್ನಷ್ಟು ಪಂಜರ. ಬೆಂಚಿನವರು ಈ ಕೊಲೆಯ ಲೆಕ್ಕವನ್ನು ಯಾರ ಖಾತೆಗೆ ಬರೆಯುತ್ತಾರೆ?

ನಮ್ಮ ಸಭೆಯೊಂದೇ ಆಗಿದ್ದರೆ ನಾಲ್ಕು ಬೈದು ಮಲಗುತ್ತಿದ್ದೆ. ಅಮೆರಿಕದ ಅಳಿವಿನಂಚಿನ ಪ್ರಾಣಿಗಳ 1973ರ ಕಾಯ್ದೆಯಡಿ, ನೆಲೆಯನ್ನು ಹಾಳುಮಾಡಿ ಪ್ರಾಣಿಯನ್ನು ಸಾಯಿಸುವುದೂ ಅದಕ್ಕೆ ಮಾಡಿದ ಹಾನಿಯೇ ಎಂಬ ನಿಯಮ ಮಾಡಿದ್ದರು. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. 2025ರ ಏಪ್ರಿಲ್‌ನಲ್ಲಿ ಒಕ್ಕೂಟ ಸರ್ಕಾರ ಆ ನಿಯಮವನ್ನೇ ಕೈಬಿಡುವ ಪ್ರಸ್ತಾಪ ಮುಂದಿಟ್ಟಿತು. ಹಕ್ಕಿಯನ್ನು ಮುಟ್ಟಬೇಡಿ, ಅದರ ಪೊದೆಯನ್ನು ಬೇಕಾದರೆ ಒಯ್ಯಿರಿ ಎಂಬ ವಾದ ಅಲ್ಲೂ ಇದೆ, ನಮ್ಮ ಬೆಂಚಿನವರ ಬಾಯಲ್ಲೂ ಇದೆ. ಚಪ್ಪಾಳೆ ತಟ್ಟಿದ ನಮ್ಮವರು ಹೊರಗೆ ಬಂದು, "ನೀವು ತುಂಬಾ ಭಾವುಕರು" ಎಂದು ನನ್ನ ಬೆನ್ನು ಬೇರೆ ತಟ್ಟಿದರು. ಭಾವುಕತೆ ಎಲ್ಲಿಂದ ಬಂತು? ಸೊಂಟದೆತ್ತರದ ಪೊದೆ ಬೇಕು ಎನ್ನುವುದು ಅಳತೆಪಟ್ಟಿಯ ಮಾತು.

ಮುಂದಿನ ಸಭೆಯಲ್ಲಿ ಇದು ಮತಕ್ಕೆ ಬರುತ್ತದೆ. ಆ ಬಡಾವಣೆಯಲ್ಲಿರುವ ಸ್ನೇಹಿತರು ದಯವಿಟ್ಟು ಬಂದು ಕೈ ಎತ್ತಿ, ಮನೆಯಲ್ಲಿ ಕುಳಿತು ಇಲ್ಲಿ ಲೈಕ್ ಒತ್ತಬೇಡಿ. ಜೊಂಡು ಕೀಳುವ ಕೆಲಸ ಗೂಡಿನ ಕಾಲ ಮುಗಿದ ಮೇಲೆ ಇರುತ್ತದೆ, ಅದಕ್ಕೂ ಬನ್ನಿ. ಉದ್ದ ತೋಳಿನ ಅಂಗಿ, ದಪ್ಪ ಕೈಗವಸು ಬೇಕು. ಬೆಂಕಿಯ ಭಯವಿರುವವರಿಗೆ ಮೊದಲ ಆದ್ಯತೆ.